ಹೊಗೆಯಿಲ್ಲದ ಕೆಂಡ: ಮನೆಗೊಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಏಕೆ ಬೇಕು?

ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾನ ಹೆಸರು ಸಾಹಿತ್ಯದ ವಿದ್ಯಾರ್ಥಿಗಳಿಗೆ ವಾಸ್ತವವಾದದ ಪಾಠದಲ್ಲಿ ಪರಿಚಯವಾಗುತ್ತದೆ. ಕಲ್ಲಿದ್ದಲ ಗಣಿಯ ಕಾರ್ಮಿಕರ ಬದುಕನ್ನು ಚಿತ್ರಿಸುವ ಅವನ ‘ಜರ್ಮಿನಾಲ್’ ಕಾದಂಬರಿ 1885ರಲ್ಲಿ ಪ್ರಕಟವಾಯಿತು. ಹದಿನೇಳು ವರ್ಷಗಳ ಬಳಿಕ, 1902ರ ಸೆಪ್ಟೆಂಬರ್ 28ರಂದು, ಜೋಲಾ ಮತ್ತು ಅವನ ಪತ್ನಿ ಅಲೆಕ್ಸಾಂಡ್ರಿನ್ ಹಳ್ಳಿಯ ಮನೆಯಿಂದ ಪ್ಯಾರಿಸ್ಸಿಗೆ ಮರಳಿದರು. ಮಲಗುವ ಕೋಣೆಯ ಥಂಡಿ ಕಳೆಯಲೆಂದು ಒಲೆಗೂಡಿನಲ್ಲಿ ಕಲ್ಲಿದ್ದಲ ಬೆಂಕಿ ಹಾಕಲಾಗಿತ್ತು. ಅದರ ಹೊಗೆಗೊಳವೆ ಕಟ್ಟಿಕೊಂಡಿತ್ತು, ಕಿಟಕಿಗಳು ಮುಚ್ಚಿದ್ದವು. ನಡುರಾತ್ರಿಯಲ್ಲಿ ಪತ್ನಿಗೆ ತಲೆನೋವು, ಓಕರಿಕೆ ಕಾಣಿಸಿಕೊಂಡವು. ಆಳುಗಳನ್ನು ಎಬ್ಬಿಸೋಣವೆಂದು ಆಕೆ ಸೂಚಿಸಿದಾಗ, ಬೆಳಗಾದರೆ ಸರಿಹೋಗುತ್ತದೆ ಎಂಬರ್ಥದ ಮಾತಾಡಿ ಜೋಲಾ ಬೇಡವೆಂದನೆಂದು ಆಕೆ ಮುಂದೆ ತಿಳಿಸಿದಳು. ಮರುದಿನ ಬೆಳಿಗ್ಗೆ ಬಾಗಿಲು ತೆರೆದವರು ಕಂಡದ್ದು ನೆಲದ ಮೇಲೆ ಬಿದ್ದಿದ್ದ ಜೋಲಾನನ್ನು, ಹಾಸಿಗೆಯ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದ ಪತ್ನಿಯನ್ನು. ಆಕೆ ಬದುಕಿದಳು, ಆತ ಬದುಕಲಿಲ್ಲ.

ಡ್ರೇಫಸ್ ಪ್ರಕರಣದಲ್ಲಿ ಜೋಲಾ ವಹಿಸಿದ ಪಾತ್ರದಿಂದಾಗಿ ಅವನಿಗೆ ಶತ್ರುಗಳು ಬಹಳವಿದ್ದರು. ಹೊಗೆಗೊಳವೆಯನ್ನು ಯಾರೋ ಬೇಕೆಂದೇ ಮುಚ್ಚಿದರೇ ಎಂಬ ಅನುಮಾನ ಇಂದಿಗೂ ಉಳಿದಿದೆ. ಆದರೆ ಕೊಂದ ವಸ್ತು ಯಾವುದೆಂಬ ವಿಷಯದಲ್ಲಿ ಅನುಮಾನವಿಲ್ಲ. ಅದು ಕಾರ್ಬನ್ ಮಾನಾಕ್ಸೈಡ್. ಮನುಷ್ಯಸ್ವಭಾವವನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿದ ಲೇಖಕನೊಬ್ಬ ತನ್ನ ಕೋಣೆಯ ಅಪಾಯವನ್ನು ಗುರುತಿಸಲಾರದೆ ಹೋದುದೇ ಈ ಅನಿಲದ ಸ್ವಭಾವವನ್ನು ಹೇಳುತ್ತದೆ. ಅದನ್ನು ಗುರುತಿಸಬೇಕಾದ ಬುದ್ಧಿಯನ್ನೇ ಅದು ಮೊದಲು ಮಂಕಾಗಿಸುತ್ತದೆ. ಮನೆಯಲ್ಲಿ ಅಲಾರಂ ಬೇಕೆನ್ನುವ ವಾದದ ತಿರುಳು ಇಷ್ಟೇ.

ಕೆಂಡದಲ್ಲಿ ಅನಿಲ ಹುಟ್ಟುವ ಬಗೆ

ಬೆಂಕಿಯಿಲ್ಲದೆ ಹೊಗೆಯಿಲ್ಲ ಎಂಬುದು ಕನ್ನಡದ ಗಾದೆ. ಅಪಾಯವಿದ್ದರೆ ಅದರ ಗುರುತೂ ಇದ್ದೇ ಇರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಹಸಿ ಸೌದೆ ಹೊಗೆಯಾಡಿದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಮನೆಯವರು ಬಾಗಿಲು ತೆರೆಯುತ್ತಾರೆ. ಸೌದೆ ಉರಿದು ನಿಗಿನಿಗಿ ಕೆಂಡವಾದ ಮೇಲೆ ಹೊಗೆ ನಿಲ್ಲುತ್ತದೆ. ಇನ್ನು ಭಯವಿಲ್ಲವೆಂದು ಅದನ್ನು ಒಳಗೆ ತಂದು ಬಾಗಿಲು ಹಾಕಿಕೊಳ್ಳುತ್ತಾರೆ. ಗಾದೆಯ ತರ್ಕ ಇಲ್ಲಿ ಕೈಕೊಡುತ್ತದೆ.

ಇಂಧನದಲ್ಲಿರುವ ಇಂಗಾಲಕ್ಕೆ ಸಾಕಷ್ಟು ಆಮ್ಲಜನಕ ದೊರೆತರೆ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಸಾಲದೆ ಬಂದರೆ ಇಂಗಾಲದ ಒಂದು ಪರಮಾಣುವಿಗೆ ಆಮ್ಲಜನಕದ ಒಂದೇ ಪರಮಾಣು ಕೂಡಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಇದ್ದಿಲಿನ ಒಲೆಯಲ್ಲಿ ಇದು ಇನ್ನೊಂದು ಬಗೆಯಿಂದಲೂ ಹುಟ್ಟುತ್ತದೆ. ಒಲೆಯ ತಳದಲ್ಲಿ ಗಾಳಿ ತಾಗಿ ಉಂಟಾದ ಡೈಆಕ್ಸೈಡ್ ಮೇಲಿನ ಕೆಂಪು ಕೆಂಡಗಳ ನಡುವೆ ಹಾದುಬರುವಾಗ ಬಿಸಿ ಇಂಗಾಲದೊಡನೆ ವರ್ತಿಸಿ ಮಾನಾಕ್ಸೈಡಾಗಿ ಬದಲಾಗುತ್ತದೆ. ಕೆಂಡದ ಮೇಲೆ ಒಮ್ಮೊಮ್ಮೆ ಆಡುವ ತೆಳುನೀಲಿ ನಾಲಿಗೆ ಈ ಅನಿಲ ಉರಿಯುವ ಜ್ವಾಲೆಯೇ. ಆ ನೀಲಿ ಜ್ವಾಲೆ ಆರಿ, ಕೆಂಡಕ್ಕೆ ಬೂದಿ ಕವಿದು, ಒಲೆ ಶಾಂತವಾಗಿ ಕಂಡಾಗ ಅನಿಲ ಉರಿಯದೆ ನೇರವಾಗಿ ಕೋಣೆಗೆ ಸೇರುತ್ತದೆ. ಬೂದಿ ಮುಚ್ಚಿದ ಕೆಂಡ ಎಂಬ ನುಡಿಗಟ್ಟು ಒಳಗಡಗಿದ ಅಪಾಯಕ್ಕೆ ರೂಪಕವಾಗಿ ಬಳಕೆಯಲ್ಲಿದೆ. ಮುಚ್ಚಿದ ಕೋಣೆಯಲ್ಲಿ ಅದು ರೂಪಕವಲ್ಲ.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಕಣ್ಣನ್ನಾಗಲಿ ಗಂಟಲನ್ನಾಗಲಿ ಕೆರಳಿಸುವುದಿಲ್ಲ. ಅಡುಗೆ ಅನಿಲಕ್ಕೂ ಸ್ವತಃ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಯಾವ ಕಾರ್ಖಾನೆಯಿಂದಲೂ ಸಿಲಿಂಡರಿನಲ್ಲಿ ಮನೆಗೆ ಬರುವುದಿಲ್ಲ. ಮನೆಯ ಬೆಂಕಿಯಲ್ಲೇ ಹುಟ್ಟುತ್ತದೆ. ಆದ್ದರಿಂದ ಅದಕ್ಕೆ ಮೊದಲೇ ವಾಸನೆ ಬೆರೆಸಿ ಕಳಿಸುವವರು ಯಾರೂ ಇಲ್ಲ.

ರಕ್ತದಲ್ಲಿ ನಡೆಯುವ ಪೈಪೋಟಿ

ಉಸಿರಿನ ಆಮ್ಲಜನಕವನ್ನು ದೇಹದ ಮೂಲೆಮೂಲೆಗೆ ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಕಾರ್ಬನ್ ಮಾನಾಕ್ಸೈಡ್ ಈ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುವುದನ್ನು ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋಡ್ ಬರ್ನಾರ್ಡ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲೇ ತೋರಿಸಿದ್ದನು. ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಿರುವ ಒಲವಿಗಿಂತ ಈ ಅನಿಲದ ಮೇಲಿನ ಒಲವು 200 ಪಟ್ಟಿಗೂ ಹೆಚ್ಚು. ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದೆ. ಹೀಗಾಗಿ ಗಾಳಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾನಾಕ್ಸೈಡ್ ಬೆರೆತು, ಅದನ್ನೇ ಕೆಲವು ಗಂಟೆ ಉಸಿರಾಡಿದರೆ, ಸರಿಸುಮಾರು ಅರ್ಧದಷ್ಟು ಹಿಮೋಗ್ಲೋಬಿನ್ ಅದರ ವಶವಾಗುತ್ತದೆ. ಉಳಿದರ್ಧವೂ ತನ್ನಲ್ಲಿರುವ ಆಮ್ಲಜನಕವನ್ನು ಅಂಗಾಂಶಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಮೊದಲು ಸೊರಗುವುವು ಆಮ್ಲಜನಕವನ್ನು ಹೆಚ್ಚು ಬೇಡುವ ಮಿದುಳು ಮತ್ತು ಹೃದಯ. ತಲೆನೋವು, ತಲೆಸುತ್ತು, ಓಕರಿಕೆ, ಕೈಕಾಲಿನಲ್ಲಿ ನಿಶ್ಶಕ್ತಿ, ಬಳಿಕ ಗೊಂದಲ, ಮಂಪರು, ಪ್ರಜ್ಞಾಹೀನತೆ ಎಂಬ ಕ್ರಮದಲ್ಲಿ ವಿಷ ಏರುತ್ತದೆ. ಮೊದಲ ಲಕ್ಷಣಗಳು ಶೀತಜ್ವರವನ್ನೋ ಪಿತ್ತವನ್ನೋ ಊಟದ ದೋಷವನ್ನೋ ಹೋಲುತ್ತವೆ. ಜ್ವರ ಮಾತ್ರ ಇರುವುದಿಲ್ಲ. ಒಂದೇ ಮನೆಯ ಹಲವರಿಗೆ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಕಡಿಮೆಯಾಗಿ, ಒಳಗೆ ಬಂದಾಗ ಮರಳಿದರೆ ಅದು ದೊಡ್ಡ ಸುಳಿವು. ಎಚ್ಚರವಿದ್ದವರು ಈ ಸುಳಿವನ್ನು ಹಿಡಿದಾರು. ನಿದ್ರೆಯಲ್ಲಿರುವವರಿಗೆ ತಲೆನೋವಿನ ಹಂತವೇ ತಿಳಿಯುವುದಿಲ್ಲ; ನಿದ್ರೆ ನೇರವಾಗಿ ಪ್ರಜ್ಞಾಹೀನತೆಗೆ ತಿರುಗುತ್ತದೆ. ಎದ್ದವರಿಗೂ ಬಾಗಿಲವರೆಗೆ ನಡೆಯುವ ಶಕ್ತಿ ಉಳಿದಿರದೆ ಹೋಗಬಹುದು.

ಕೋವಿಡ್ ಕಾಲದಲ್ಲಿ ಅನೇಕ ಮನೆಗಳು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೊಂಡವು. ಈ ವಿಷದ ವಿಷಯದಲ್ಲಿ ಅದನ್ನು ನಂಬುವಂತಿಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನಿಗೂ ಸಾಮಾನ್ಯ ಆಕ್ಸಿಮೀಟರ್ ಭೇದವೆಣಿಸಲಾರದು. ರೋಗಿ ಉಸಿರುಗಟ್ಟುತ್ತಿರುವಾಗಲೂ ಅದು 98 ಎಂದು ತೋರಿಸೀತು.

ಗಡಿನಾಡಿನ ಮನೆಗಳಲ್ಲಿ

ಇದು ಹಿಮ ಬೀಳುವ ದೇಶಗಳ ಸಮಸ್ಯೆಯೆಂಬ ಭಾವನೆ ಸಾಮಾನ್ಯವಾಗಿದೆ. ನೀಲಗಿರಿಯ ಡಿಸೆಂಬರ್-ಜನವರಿ ರಾತ್ರಿಗಳನ್ನು ಕಂಡವರು ಹಾಗೆ ಹೇಳಲಾರರು. ಉದಕಮಂಡಲದ ಸುತ್ತ ಆಗ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಹಟ್ಟಿಗಳಲ್ಲಿ, ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ಪ್ರವಾಸಿಗರ ಕೋಣೆಗಳಲ್ಲಿ ಕೆಂಡವೇ ಕಂಬಳಿಗೆ ಜೊತೆ. ಹೊರಗೆ ಅಡುಗೆ ಮುಗಿಸಿದ ಇದ್ದಿಲೊಲೆಯನ್ನು ಬೆಚ್ಚಗಿರಲೆಂದು ಒಳಗಿಟ್ಟು ಮಲಗಿದವರು ಬೆಳಿಗ್ಗೆ ಏಳದೆ ಹೋದ ಸುದ್ದಿಗಳು ಗಿರಿಧಾಮಗಳಿಂದ ಮತ್ತೆ ಮತ್ತೆ ಬರುತ್ತಿರುತ್ತವೆ.

ಬಯಲುಸೀಮೆಯಲ್ಲಿ ಕೆಂಡ ಒಳಬರುವ ಕಾರಣ ಬೇರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಂಥ ಕಡೆಗಳಲ್ಲಿ ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಡುವ ರೂಢಿ ಹಿರಿಯರಿಗೆ ಚೆನ್ನಾಗಿ ಗೊತ್ತು. ತಾಯಿಗೂ ಮಗುವಿಗೂ ಥಂಡಿ ತಾಗಬಾರದೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿ, ಸಂದಿಗಳಿಗೆ ಬಟ್ಟೆ ತುರುಕುವುದೂ ಉಂಟು. ಇದರ ಹಿಂದಿರುವುದು ಅಕ್ಕರೆ. ಆದರೆ ಹಸುಗೂಸು ತನ್ನ ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ. ತಲೆನೋವೆಂದು ಹೇಳಲು ಅದಕ್ಕೆ ಬಾಯಿಲ್ಲ. ಗರ್ಭದಲ್ಲಿರುವ ಶಿಶುವಿನ ರಕ್ತವಂತೂ ಈ ಅನಿಲವನ್ನು ತಾಯಿಯ ರಕ್ತಕ್ಕಿಂತ ಬಲವಾಗಿ ಹಿಡಿದಿಟ್ಟುಕೊಳ್ಳುತ್ತದೆ.

ಹಿಂದಿನವರೂ ಹೀಗೆಯೇ ಮಾಡುತ್ತಿದ್ದರಲ್ಲ, ಅವರಿಗೇಕೆ ಏನೂ ಆಗಲಿಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆಗದೆ ಇದ್ದವೆನ್ನಲಾಗದು, ನಿದ್ರೆಯಲ್ಲಿ ಸಂಭವಿಸಿದ ಎಷ್ಟೋ ಸಾವುಗಳಿಗೆ ಆಗ ಬೇರೆ ಹೆಸರುಗಳಿದ್ದಿರಬಹುದು. ಜೊತೆಗೆ ಮನೆಯೂ ಬದಲಾಗಿದೆ. ಮಾಳಿಗೆ ಮನೆಯ ಮೇಲ್ಭಾಗದಲ್ಲಿ ಗವಾಕ್ಷಿ ಇತ್ತು. ಹೆಂಚಿನ ಮನೆಯ ಹೆಂಚುಹೆಂಚುಗಳ ನಡುವೆ ಗಾಳಿಯಾಡುತ್ತಿತ್ತು. ಬಚ್ಚಲಿನ ಹಂಡೆಯ ಒಲೆಗೆ ಮಾಡಿನ ಸಂದಿಯೇ ಹೊಗೆಗೂಡಾಗಿತ್ತು. ಇಂದಿನ ತಾರಸಿ ಮನೆಯಲ್ಲಿ ಗಾಜಿನ ಕಿಟಕಿಗಳು ಗಾಳಿಯಾಡದಂತೆ ಕೂರುತ್ತವೆ. ಹಳೆಯ ಮನೆ ತಾಳಿಕೊಳ್ಳುತ್ತಿದ್ದ ರೂಢಿಯನ್ನು ಹೊಸ ಮನೆ ತಾಳಲಾರದು.

ಹೊಸ ಮನೆಯೊಡನೆ ಹೊಸ ಅಪಾಯವೂ ಬಂದಿದೆ. ಕಿರಿದಾದ ಸ್ನಾನದ ಕೋಣೆಯ ಗೋಡೆಗೆ ಗ್ಯಾಸ್ ಗೀಸರ್ ಅಳವಡಿಸುವ ಪದ್ಧತಿ ಪಟ್ಟಣಗಳಲ್ಲಿ ವ್ಯಾಪಕವಾಗಿದೆ. ಬಾಗಿಲು ಹಾಕಿ, ಕಿಟಕಿಯನ್ನೂ ಮುಚ್ಚಿ ಸ್ನಾನಕ್ಕೆ ನಿಂತಾಗ ಬರ್ನರ್ ಕೋಣೆಯ ಆಮ್ಲಜನಕವನ್ನು ಕಬಳಿಸುತ್ತದೆ. ಅದು ತಗ್ಗಿದಂತೆ ಜ್ವಾಲೆ ಮಾನಾಕ್ಸೈಡನ್ನು ಉಗುಳತೊಡಗುತ್ತದೆ. ಚಿಲಕ ಹಾಕಿದ ಕೋಣೆಯಲ್ಲಿ ಕುಸಿದವರ ನೆರವಿಗೆ ಹೊರಗಿನವರು ಬರುವುದು ತಡವಾಗುತ್ತದೆ. ವಿದ್ಯುತ್ ಹೋದಾಗ ಮನೆಯೊಳಗೆ ನಡೆಸುವ ಜನರೇಟರ್, ಮುಚ್ಚಿದ ಷೆಡ್ಡಿನಲ್ಲಿ ಚಾಲೂ ಇಟ್ಟ ವಾಹನ ಇವೂ ಇದೇ ಸಾಲಿಗೆ ಸೇರುತ್ತವೆ.

ಪಂಜರದ ಹಕ್ಕಿಯಿಂದ ಯಂತ್ರದವರೆಗೆ

ಮನುಷ್ಯನ ಇಂದ್ರಿಯಗಳಿಗೆ ಎಟುಕದ ಈ ಅನಿಲವನ್ನು ಕಂಡುಹಿಡಿಯಲು ಮೊದಲು ನೆರವಾದದ್ದು ಬೇರೊಂದು ಜೀವ. ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಗಣಿಸ್ಫೋಟಗಳಲ್ಲಿ ಸತ್ತವರನ್ನು ಕುರಿತು ಅಧ್ಯಯನ ಮಾಡಿದನು. ಬಹುಮಂದಿಯನ್ನು ಕೊಂದದ್ದು ಸ್ಫೋಟದ ಹೊಡೆತವಲ್ಲ, ಅದರ ಬೆನ್ನಿಗೆ ಹರಡಿದ ಕಾರ್ಬನ್ ಮಾನಾಕ್ಸೈಡ್ ಎಂದು ಆತ ತೋರಿಸಿದನು. ಅದರ ಪರಿಣಾಮವನ್ನು ಅಳೆಯಲು ತಾನೇ ಆ ಅನಿಲವನ್ನು ಉಸಿರಾಡಿ ತನ್ನ ರಕ್ತವನ್ನು ಪರೀಕ್ಷಿಸಿಕೊಂಡನು. ಸಣ್ಣ ಪ್ರಾಣಿಗಳ ಉಸಿರಾಟ ವೇಗವಾದುದರಿಂದ ವಿಷ ಅವಕ್ಕೆ ಬೇಗ ಏರುತ್ತದೆ. ಆದ್ದರಿಂದ ಗಣಿಗಿಳಿಯುವವರು ಇಲಿಯನ್ನೋ ಕ್ಯಾನರಿ ಹಕ್ಕಿಯನ್ನೋ ಜೊತೆಗೆ ಒಯ್ಯಬೇಕೆಂದು ಆತ ಸಲಹೆಯಿತ್ತನು. ಕೋಲಿನ ಮೇಲೆ ಕೂತ ಹಕ್ಕಿ ತೂರಾಡಿ ಬಿದ್ದರೆ ಎಲ್ಲರಿಗೂ ಕಾಣುತ್ತದೆ; ಮನುಷ್ಯರಿಗೆ ಹೊರಬರಲು ಕೆಲವು ನಿಮಿಷ ಉಳಿಯುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ ಈ ಹಕ್ಕಿಗಳ ಜಾಗಕ್ಕೆ ವಿದ್ಯುನ್ಮಾನ ಸಾಧನಗಳನ್ನು ತರುವ ತೀರ್ಮಾನವಾದದ್ದು 1986ರಲ್ಲಿ.

ಗೋಡೆಯ ಮೇಲಿನ ಅಲಾರಂ ಆ ಹಕ್ಕಿಯ ಉತ್ತರಾಧಿಕಾರಿ. ಅಮೆರಿಕದ ಶಿಕಾಗೊ ನಗರ 1994ರಲ್ಲಿ ಮನೆಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ಇಂಗ್ಲೆಂಡಿನಲ್ಲಿ 2015ರ ನಿಯಮಗಳ ಪ್ರಕಾರ ಸೌದೆ, ಕಲ್ಲಿದ್ದಲು ಉರಿಸುವ ಕೋಣೆಯಿರುವ ಬಾಡಿಗೆ ಮನೆಗಳಿಗೆ ಅಲಾರಂ ಒದಗಿಸುವುದು ಮಾಲೀಕನ ಹೊಣೆಯಾಯಿತು. 2022ರಲ್ಲಿ ಗ್ಯಾಸ್ ಬಾಯ್ಲರ್ ಇರುವ ಕೋಣೆಗಳಿಗೂ ಅದನ್ನು ವಿಸ್ತರಿಸಲಾಯಿತು.

ಅಲಾರಂ ಕೆಲಸ ಮಾಡುವ ಬಗೆ

ಮನೆಬಳಕೆಯ ಉತ್ತಮ ಅಲಾರಂಗಳಲ್ಲಿ ಒಂದು ಪುಟ್ಟ ವಿದ್ಯುತ್-ರಾಸಾಯನಿಕ ಕೋಶವಿರುತ್ತದೆ. ಕೋಣೆಯ ಗಾಳಿ ಅದರೊಳಗೆ ನುಸುಳಿದಾಗ ಅದರಲ್ಲಿರುವ ಮಾನಾಕ್ಸೈಡ್ ವಿದ್ಯುದ್ವಾರದ ಮೇಲೆ ಡೈಆಕ್ಸೈಡಾಗಿ ಬದಲಾಗುತ್ತದೆ. ಆಗ ಕಿರಿದಾದ ವಿದ್ಯುತ್ ಪ್ರವಾಹ ಹರಿಯುತ್ತದೆ. ಅನಿಲ ಹೆಚ್ಚಿದಷ್ಟೂ ಪ್ರವಾಹ ಹೆಚ್ಚು. ಯಂತ್ರದ ಚಿಪ್ಪು ಅದನ್ನು ಅಳೆದು, ಹತ್ತು ಲಕ್ಷ ಪಾಲು ಗಾಳಿಗೆ ಎಷ್ಟು ಪಾಲು ಅನಿಲವಿದೆಯೆಂದು ಲೆಕ್ಕಹಾಕುತ್ತದೆ. ಈ ಅಳತೆಯೇ ಪಿಪಿಎಂ.

ಅನಿಲ ಸುಳಿದ ಕೂಡಲೇ ಅಲಾರಂ ಕೂಗುವುದಿಲ್ಲ. ಹಾನಿ ಅನಿಲದ ಪ್ರಮಾಣವನ್ನೂ ಅದನ್ನು ಉಸಿರಾಡಿದ ಅವಧಿಯನ್ನೂ ಅವಲಂಬಿಸಿದೆ. ಯಂತ್ರವೂ ಎರಡನ್ನೂ ಕೂಡಿಸಿ ನೋಡುತ್ತದೆ. ಯೂರೋಪಿನ ಇಎನ್ 50291 ಮಾನದಂಡದ ಪ್ರಕಾರ 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷದೊಳಗೆ, 100 ಇದ್ದರೆ 10ರಿಂದ 40 ನಿಮಿಷದೊಳಗೆ, 300 ಇದ್ದರೆ 3 ನಿಮಿಷದೊಳಗೆ ಅದು ಕೂಗಬೇಕು. ಊದುಕಡ್ಡಿಯ ಎಳೆಗೋ ಒಗ್ಗರಣೆಯ ಹೊಗೆಗೋ ದಿನವೂ ಕೂಗಿದರೆ ಮನೆಯವರು ಅದರ ಬ್ಯಾಟರಿ ಕಿತ್ತಿಡುತ್ತಾರೆ. ಆ ಕಾರಣಕ್ಕೇ ಈ ಸಂಯಮ.

ಕೊಳ್ಳುವಾಗ ಮತ್ತು ಅಳವಡಿಸುವಾಗ

ಅಂಗಡಿಯಲ್ಲಿ ಗ್ಯಾಸ್ ಡಿಟೆಕ್ಟರ್ ಎಂದು ಕೇಳಿದರೆ ಕೈಗೆ ಬರುವುದು ಬಹುಮಟ್ಟಿಗೆ ಅಡುಗೆ ಅನಿಲದ ಸೋರಿಕೆಯನ್ನು ತಿಳಿಸುವ ಯಂತ್ರ. ಹೊಗೆಯ ಅಲಾರಂ ಇನ್ನೊಂದು. ಇವೆರಡೂ ಕಾರ್ಬನ್ ಮಾನಾಕ್ಸೈಡನ್ನು ಗುರುತಿಸುವುದಿಲ್ಲ. ಪೆಟ್ಟಿಗೆಯ ಮೇಲೆ ಆ ಅನಿಲದ ಹೆಸರೂ, ಇಎನ್ 50291 ಅಥವಾ ಅಮೆರಿಕದ ಯುಎಲ್ 2034 ಎಂಬ ಮಾನದಂಡದ ಗುರುತೂ ಇದೆಯೇ ಎಂದು ನೋಡಿಕೊಳ್ಳಬೇಕು.

ಇಡುವ ಜಾಗವೂ ಮುಖ್ಯ. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಅದರ ಯಂತ್ರ ನೆಲದ ಸಮೀಪವಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಗಾಳಿಗಿಂತ ತುಸುವೇ ಹಗುರ. ಅದು ಕೋಣೆಯ ತುಂಬ ಬೆರೆತುಕೊಳ್ಳುತ್ತದೆ. ಮಲಗುವ ಕೋಣೆಯಲ್ಲಿ ಅಲಾರಮನ್ನು ದಿಂಬಿನ ಮಟ್ಟದಲ್ಲಿ, ಅಂದರೆ ಮಲಗಿದವರು ಉಸಿರಾಡುವ ಎತ್ತರದಲ್ಲಿ ಇಡುವುದು ಲೇಸು. ಒಲೆಯಿರುವ ಕೋಣೆಯಲ್ಲಾದರೆ ಒಲೆಗೆ ತೀರ ಅಂಟದಂತೆ ಒಂದರಿಂದ ಮೂರು ಮೀಟರ್ ದೂರವಿರಬೇಕು. ಪರದೆಯ ಹಿಂದೆ, ಬೀರುವಿನೊಳಗೆ, ಕಿಟಕಿಯ ಗಾಳಿ ನೇರವಾಗಿ ಬಡಿಯುವಲ್ಲಿ ಇಟ್ಟರೆ ಪ್ರಯೋಜನವಿಲ್ಲ. ಸ್ನಾನದ ಕೋಣೆಯ ಹಬೆ ಯಂತ್ರವನ್ನು ಕೆಡಿಸುವುದರಿಂದ ಗ್ಯಾಸ್ ಗೀಸರಿಗೆ ಅಲಾರಂ ಮದ್ದಲ್ಲ. ಗೀಸರನ್ನೇ ಹೊರಗೋಡೆಗೆ ಸಾಗಿಸಿ, ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳತರುವುದು ಮದ್ದು.

ಅಲಾರಂ ಚಿರಂಜೀವಿಯಲ್ಲ. ಅದರ ಕೋಶದ ಆಯುಸ್ಸು ತಯಾರಿಕೆಗೆ ತಕ್ಕಂತೆ ಐದರಿಂದ ಹತ್ತು ವರ್ಷ. ಬದಲಿಸಬೇಕಾದ ವರ್ಷ ಅದರ ಬೆನ್ನಿನ ಮೇಲೆ ಅಚ್ಚಾಗಿರುತ್ತದೆ. ತಿಂಗಳಿಗೊಮ್ಮೆ ಪರೀಕ್ಷೆಯ ಗುಂಡಿ ಒತ್ತಿ ನೋಡಬೇಕು. ಆದರೆ ಬಹುಪಾಲು ಯಂತ್ರಗಳಲ್ಲಿ ಆ ಗುಂಡಿ ಬ್ಯಾಟರಿ ಮತ್ತು ಗಂಟೆಯನ್ನು ಪರೀಕ್ಷಿಸುತ್ತದೆಯೇ ಹೊರತು ಕೋಶದ ಮುಪ್ಪನ್ನಲ್ಲ.

ಇದರ ಮಿತಿಯನ್ನೂ ಅರಿಯಬೇಕು. ಹೊಗೆಗೂಡಿಲ್ಲದ ಸೌದೆ ಒಲೆಯ ಅಡುಗೆಮನೆಯಲ್ಲಿ ಅಲಾರಂ ಇಟ್ಟರೆ ಅದು ದಿನವೂ ಕೂಗೀತು, ಸತ್ಯವನ್ನೇ ಕೂಗೀತು. ಅಲ್ಲಿ ಮೊದಲು ಬೇಕಾದದ್ದು ಹೊಗೆಗೂಡು. ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆ ಬೆಲೆಗೆ ಅಲಾರಂ ದೊರೆಯುತ್ತದೆಯಾದರೂ ಆ ಹಣವೂ ಹೊರೆಯಾಗುವ ಮನೆಗಳಿವೆ. ಅಂಥ ಮನೆಗೆ ಖರ್ಚಿಲ್ಲದ ನಿಯಮ ಒಂದಿದೆ: ಮಲಗುವ ಕೋಣೆಯಲ್ಲಿ ಕೆಂಡ ಇರಬಾರದು. ಮೈ ಕಾಸಿಕೊಳ್ಳುವುದಾದರೆ ಎಚ್ಚರವಿರುವಾಗ, ಬಾಗಿಲು ತೆರೆದು. ಮಲಗುವ ಮುನ್ನ ಅಗ್ಗಿಷ್ಟಿಕೆ ಅಂಗಳಕ್ಕೆ.

ಅಲಾರಂ ಕೂಗಿದಾಗ

ಕೂಗು ಕೇಳಿದೊಡನೆ ಮಾಡಬೇಕಾದ ಮೊದಲ ಕೆಲಸ ಎಲ್ಲರನ್ನೂ ಎಬ್ಬಿಸಿ ಹೊರಗೆ ಬರುವುದು. ದಾರಿಯಲ್ಲಿ ಸಿಗುವ ಬಾಗಿಲು ಕಿಟಕಿಗಳನ್ನು ತೆರೆಯುತ್ತ ಬರಬಹುದು. ಕಾರಣ ಹುಡುಕುತ್ತ ಒಳಗೆ ನಿಲ್ಲಬಾರದು. ಒಳಗೆ ಬಿದ್ದವರನ್ನು ಎತ್ತಲು ಹೋದವರೂ ಕುಸಿಯುವುದುಂಟು. ಆದ್ದರಿಂದ ಮೊದಲು ಗಾಳಿಗೆ ದಾರಿ ಮಾಡಬೇಕು, ಇನ್ನೊಬ್ಬರಿಗೆ ತಿಳಿಸದೆ ಒಳನುಗ್ಗಬಾರದು. ಆಂಬುಲೆನ್ಸಿಗೆ 108 ಎಂಬ ಸಂಖ್ಯೆ ಕರ್ನಾಟಕದಲ್ಲೂ ಅದರ ನೆರೆರಾಜ್ಯಗಳಲ್ಲೂ ಒಂದೇ.

ವೈದ್ಯರಿಗೆ ಕೋಣೆಯಲ್ಲಿ ಕೆಂಡವಿತ್ತು ಅಥವಾ ಗೀಸರ್ ಉರಿಯುತ್ತಿತ್ತು ಎಂಬುದನ್ನು ತಪ್ಪದೆ ಹೇಳಬೇಕು. ಆ ಒಂದು ಮಾತಿಲ್ಲದಿದ್ದರೆ ಇದನ್ನು ಬೇರೆ ಕಾಯಿಲೆಯೆಂದು ಭಾವಿಸುವ ಸಂಭವವಿದೆ. ಸಾಮಾನ್ಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಮುಖವಾಡದಿಂದ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆ ಸಾಕು. ಚೇತರಿಸಿಕೊಂಡವರಲ್ಲೂ ದಿನಗಳು ಅಥವಾ ವಾರಗಳು ಕಳೆದ ಮೇಲೆ ಮರೆವು, ನಡಿಗೆಯ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣಿಸಿಕೊಳ್ಳಬಹುದು. ಎದ್ದು ಕೂತರೆಂದು ಆಸ್ಪತ್ರೆಯನ್ನು ತಪ್ಪಿಸಬಾರದು.

ಮನೆಯ ಮಾತಿನಲ್ಲಿ ಎಚ್ಚರಿಕೆ

ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ಇದರಲ್ಲಿ ಕೆಲಸವೊಂದಿದೆ. ಗೀಸರಿನ ಮೇಲೆ ಅಂಟಿಸಿದ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ. ಸರಕಾರಿ ಸೂಚನೆಗಳು ಆಯಾ ರಾಜ್ಯದ ಭಾಷೆಯಲ್ಲಿ, ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಮಲಯಾಳದಲ್ಲೋ ಬರುತ್ತವೆ. ಬಾಣಂತಿಯ ಕೋಣೆಯಲ್ಲಿ ಕೆಂಡ ಇಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಜ್ಜಿ ಇವಾವುದನ್ನೂ ಓದುವುದಿಲ್ಲ. ಆಕೆಯ ಮಾತು ಕನ್ನಡ. ಆಕೆಗೆ ಪಿಪಿಎಂ ಎಂದರೆ ತಿಳಿಯದು. ಕೆಂಡದ ಮೇಲಿನ ನೀಲಿ ಜ್ವಾಲೆ ಎಂದರೆ ತಿಳಿಯುತ್ತದೆ, ಬೂದಿ ಮುಚ್ಚಿದ ಕೆಂಡ ಎಂದರೆ ತಿಳಿಯುತ್ತದೆ, ಗವಾಕ್ಷಿ ಏಕಿತ್ತು ಎಂದು ಕೇಳಿದರೆ ಆಕೆಯೇ ವಿವರಿಸುತ್ತಾಳೆ. ರೂಢಿಯನ್ನು ಹಳಿದರೆ ಆಕೆ ಮುನಿಯುತ್ತಾಳೆ. ಕೂಸು ಬೆಚ್ಚಗಿರಬೇಕು, ಆದರೆ ಕೆಂಡದಿಂದಲ್ಲ, ಬಟ್ಟೆ ಕಂಬಳಿಯಿಂದ, ತಾಯಿಯ ಮಡಿಲಿನಿಂದ ಎಂದರೆ ಒಪ್ಪಿಯಾಳು.

ಅಲಾರಂ ಗೋಡೆಗೆ ಬರುವುದಕ್ಕೆ ಮುಂಚೆ ಈ ಮಾತು ಮನೆಗೆ ಬರಬೇಕು. ಬರುವ ಚಳಿಗಾಲದ ರಜೆಗೆ ಊರಿಗೆ ಹೋದವರು ಮೊದಲ ರಾತ್ರಿಯೇ ಅದನ್ನು ಆಡಬಹುದು, ಅಗ್ಗಿಷ್ಟಿಕೆ ಒಳಗೆ ಬರುವ ಹೊತ್ತಿನಲ್ಲಿ.